ಹದಿನೆಂಟು ತುಂಡು ಹಳಿ

ಒಂದು ಹಳಿಯನ್ನು ಇನ್ನೊಂದಕ್ಕೆ ಕೂಡಿಸುವ ತಗಡಿನ ಕೊಂಡಿ ಅಕ್ಕಿಕಾಳಿಗಿಂತ ತುಸು ದೊಡ್ಡದು. ಅದರೊಳಗೆ ತುಕ್ಕು ಕೂತರೆ ಸೂಜಿಮೊನೆಯಿಂದಲೇ ಕೆರೆಯಬೇಕು. ಮೂವತ್ತಾರು ಕೊಂಡಿಗಳನ್ನು ಹಾಗೆ ಕೆರೆದಿದ್ದೆ.

ಅದು ಆಟದ ರೈಲು. ಅಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಯಂತ್ರ ಕೂರಿಸಲು ಬಂದಿದ್ದ ಪರದೇಶದ ಇಂಜಿನಿಯರ್ ಒಬ್ಬರು ವಾಪಸು ಹೋಗುವಾಗ ಅದನ್ನು ಅಪ್ಪನಿಗೆ ಕೊಟ್ಟಿದ್ದರು. ನಾನು ಚಿಕ್ಕವಳಿದ್ದಾಗ ಭಾನುವಾರಗಳಲ್ಲಿ ಅಪ್ಪ ಹದಿನೆಂಟು ತುಂಡು ಹಳಿಗಳನ್ನು ನೆಲದ ಮೇಲೆ ಜೋಡಿಸಿ, ಕರೆಂಟಿನ ಡಬ್ಬಿಯ ಗುಂಡಿಯನ್ನು ಬಲಗೈಯ ಎರಡೇ ಬೆರಳಲ್ಲಿ ತಿರುಗಿಸಿ ರೈಲು ಓಡಿಸುತ್ತಿದ್ದರು. ಗುಂಡಿಯನ್ನು ನನಗೂ ಮುಟ್ಟಲು ಬಿಡುತ್ತಿರಲಿಲ್ಲ.

ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ಮೊದಲ ಕೆಲವು ತಿಂಗಳಲ್ಲಿ ಬೆರಳು ಅಲ್ಲಾಡದಿದ್ದರೆ ಆಮೇಲೆ ಕಷ್ಟ ಎಂದು ವ್ಯಾಯಾಮ ಮಾಡಿಸುವವರು ಹೇಳಿದ್ದರು. ಆಗಲೇ ನಾಲ್ಕನೆಯ ತಿಂಗಳು. ಅಮ್ಮ ಕೆಲಸಕ್ಕೆ ಹೋದಮೇಲೆ ಹಗಲೆಲ್ಲ ನಾನೇ ಅಪ್ಪನ ಜೊತೆ. ರಬ್ಬರ್ ಚೆಂಡನ್ನು ಬಲ ಅಂಗೈಯಲ್ಲಿಟ್ಟರೆ ಅಪ್ಪ ಎಡಗೈಯಿಂದ ಅದನ್ನು ತೆಗೆದೆಸೆದು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಚೆಂಡನ್ನು ಹಿಡಿಯದ ಕೈ ಆ ಗುಂಡಿಯನ್ನಾದರೂ ಹಿಡಿದೀತು ಎಂದು, ಬೇರೇನೂ ತೋಚದೆ, ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಸೂರು ಸೋರಿ ಹಳಿಗಳೆಲ್ಲ ಕೆಂಪಾಗಿದ್ದವು. ತುಕ್ಕಿದ್ದರೆ ಇಂಜಿನ್ನಿಗೆ ಕರೆಂಟು ತಲುಪುವುದಿಲ್ಲ.

ಹೊಸೂರಿನ ಹತ್ತಿರದ ತಳಿ ಎಂಬ ಊರಿನಿಂದ ಹುರುಳಿಕಾಯಿ ಚೀಲ ಹೊತ್ತು ಬಂದ ಅತ್ತೆ, ಅಪ್ಪನ ಅಕ್ಕ, ಬಚ್ಚಲಲ್ಲಿ ಕುಳಿತು ಎಮರಿ ಪೇಪರಿನಿಂದ ಉಜ್ಜುತ್ತಿದ್ದ ನನ್ನನ್ನು ನೋಡಿ ನಕ್ಕರು.

"ಅಷ್ಟೊಂದು ಓದಿ ರೈಲು ತಿಕ್ತಾ ಕುಂತವ್ಳಲ್ಲಪ್ಪಾ ಇವ್ಳು! ಯಾವೂರಿಗೆ ಬಿಡ್ತೀಯೇ?"

"ಅಪ್ಪನಿಗೆ ಅತ್ತೆ. ಗುಂಡಿ ತಿರುಗಿಸ್ಲಿ ಅಂತ."

ಅತ್ತೆಯ ನಗು ನಿಂತಿತು. "ಇಂಗೆ ಉಜ್ತಾ ಕುಂತ್ರೆ ಯಾವಾಗ ಮುಗಿಸ್ತೀಯೇ? ಹುಣ್ಸೆಹಣ್ಣು, ಉಪ್ಪು ಹಾಕಿ ನೆನೆಸ್ಬುಡು. ಹಿತ್ತಾಳೆ ದೀಪದ ಕಂಬ ಹೆಂಗೆ ಪಳಪಳ ಅಂತದೆ, ನೋಡಿಲ್ವಾ?"

ನಾನು ಓದಿದ್ದು ರಸಾಯನಶಾಸ್ತ್ರ. ಹಿತ್ತಾಳೆಗೆ ಒಗ್ಗುವುದು ಉಕ್ಕಿಗೆ ಒಗ್ಗದು. ಹುಳಿ ತುಕ್ಕಿನ ಜೊತೆ ಮೇಲಿನ ಲೇಪವನ್ನೂ ತಿನ್ನುತ್ತದೆ. ಉಪ್ಪು ಉಳಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಬರೆದಿದ್ದ ವಿಷಯ. ಆದರೆ ನನಗೆ ಅವತ್ತೇ ಆಗಬೇಕಿತ್ತು. ನೆನೆಸಿದೆ.

ಸಂಜೆಗೆ ಹಳಿಗಳು ಬೆಳ್ಳಗೆ ಹೊಳೆದವು. ತೊಳೆದು ತಟ್ಟೆಯಲ್ಲಿ ಹರವಿದೆ. ಅತ್ತೆ ಮಂಚದ ಬಳಿ ಹೋಗಿ, "ಲೋ, ನಾಳೆ ನಿನ್ ರೈಲು ಹೊಂಡ್ತದೆ ಕಣ್ಲಾ, ಎದ್ದು ಕುಂತ್ಕೋ" ಎಂದರು. ಅಪ್ಪ ತಾವಾಗಿಯೇ ಕತ್ತು ತಿರುಗಿಸಿ ನನ್ನತ್ತ ನೋಡಿದರು. ಆ ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಬೆಳಗಾಗುವಷ್ಟರಲ್ಲಿ ಹಳಿಗಳ ಮೇಲೆಲ್ಲ ಕಿತ್ತಳೆ ಬಣ್ಣದ ಪುಡಿ. ಮೊದಲಿಗಿಂತ ಹೆಚ್ಚು. ಒರೆಸಿದೆ, ಉಜ್ಜಿದೆ, ಆದಷ್ಟು ಜೋಡಿಸಿದೆ. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿ, ಓಡುತ್ತದೆಯೇ ಎಂದು ನೋಡಲು ಮೊದಲು ಗುಂಡಿಯನ್ನು ನಾನೇ ತಿರುಗಿಸಿದೆ. ಇಂಜಿನ್ ಒಮ್ಮೆ ಕೊಸರಿ ನಿಂತಿತು. ಬೆರಳಿಂದ ತಳ್ಳಿದೆ. ಮತ್ತೆ ನಿಂತಿತು. ನಾನು ತಳ್ಳುತ್ತಲೇ ಇದ್ದೆ. ಕೆಲಸ ಮುಗಿದ ಮೇಲೆ ಪ್ರತಿಯೊಂದು ಉಪಕರಣಕ್ಕೂ ಎಣ್ಣೆ ಸವರಿ ಇಡುತ್ತಿದ್ದ ಮನುಷ್ಯ ಅವರು. ಏನಾಗಿದೆ ಎಂದು ಯಾರೂ ಹೇಳಬೇಕಿರಲಿಲ್ಲ. ಗೋಡೆಯ ಕಡೆ ತಿರುಗಿಕೊಂಡರು. ಮಧ್ಯಾಹ್ನ ಊಟಕ್ಕೂ ಬಾಯಿ ತೆರೆಯಲಿಲ್ಲ.

"ನಾನೇ ಕೆಡಿಸ್ಬುಟ್ನಲ್ಲೇ" ಎಂದು ಅತ್ತೆ ಅಡುಗೆಮನೆಯಲ್ಲಿ ಅತ್ತರು. ಕೆಡಿಸಿದ್ದು ನಾನು ಎಂದು ಅವರಿಗೆ ಹೇಳಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಬಹಳ ಹೊತ್ತು ನಿಂತಿದ್ದೆ.

ಮರುದಿನ ಬೆಳಿಗ್ಗೆ ನಯವಾದ ಎಮರಿ ಪೇಪರ್, ಹೊಲಿಗೆ ಯಂತ್ರದ ಎಣ್ಣೆ ಮತ್ತು ಹಳಿಗಳನ್ನು ತೆಗೆದುಕೊಂಡು ಮಂಚದ ಅಂಚಿನಲ್ಲಿ ಕುಳಿತೆ. ಅಪ್ಪನನ್ನು ಈ ಕಡೆ ತಿರುಗಿಸಲು ಹೋಗಲಿಲ್ಲ. ಪಕ್ಕೆಯ ಮೇಲೆ ಬಿದ್ದಿದ್ದ ಬಲಗೈಯನ್ನು ಎತ್ತಿ ನನ್ನ ಮಡಿಲಿಗೆ ತಂದು, ಎರಡು ಬೆರಳಿನ ನಡುವೆ ಎಮರಿಯನ್ನು ಮಡಚಿಟ್ಟು, ಮೇಲೆ ನನ್ನ ಕೈ ಮುಚ್ಚಿ, ಹಳಿಯುದ್ದಕ್ಕೂ ಎಳೆದೆ. ಬೆರಳು ನನ್ನ ಕೈಯೊಳಗೆ ತಣ್ಣಗೆ ಸುಮ್ಮನಿತ್ತು. ಎಡಗೈ ಬಂದು ತಳ್ಳಲಿಲ್ಲ. ಒಂದು ಹಳಿ ಮುಗಿದಾಗ ಎಣ್ಣೆ ಸವರಿ ಪಕ್ಕಕ್ಕಿಟ್ಟು, ಎರಡನೆಯದನ್ನು ಎತ್ತಿಕೊಂಡೆ.