ಹೊದಿಕೆ ತೆಗೆಯದ ಕಂಪ್ಯೂಟರುಗಳು

ಮೊನ್ನೆ ಮನೆಗೆ ಹೊಸ ಫ್ರಿಜ್ ಬಂತು. ಬಾಗಿಲಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕೀಳುವುದು ಬೇಡ, ಬಣ್ಣ ಹೋಗುತ್ತೆ ಅಂದಳು ಸೊಸೆ. ಬಿಸಿಲಿಗೆ ಕಾದ ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಕಾಲೇಜಿನ ಮೇಡಂ ಎದುರಿಗೆ ಬಂದು ನಿಂತ ಹಾಗಾಯಿತು...

ಹುಣಸೂರು ಕಡೆಯ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಓದಿದವನು. ಬೀಗದ ಕೈ ನನ್ನದು, ಗತ್ತೂ ನನ್ನದೇ. ಆ ವರ್ಷ ಹೊಸ ಕಂಪ್ಯೂಟರುಗಳು ಬಂದವು. ಆಯುಧಪೂಜೆಗೆ ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಮತ್ತೆ ಪ್ಲಾಸ್ಟಿಕ್ ಹೊದಿಕೆ ಹಾಕಿದೆ. ಹಬ್ಬ ಮುಗಿದ ಮೇಲೂ ತೆಗೆಯಲಿಲ್ಲ. ಹುಡುಗರು ಹಳೆಯವುಗಳ ಮುಂದೆ ಮೂರು ಮೂರು ಜನ ಕೂರುತ್ತಿದ್ದರು.

ಮೇಡಂ ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ಬರುವ ಅತಿಥಿ ಉಪನ್ಯಾಸಕಿ. ಮೊದಲ ವರ್ಷದವರಿಗೆ ಎಕ್ಸೆಲ್, ಚಿಕ್ಕ ಚಿಕ್ಕ ಪ್ರೋಗ್ರಾಂ, ಗ್ರಾಫ್ ಬಿಡಿಸುವ ಗಣಿತದ ಸಾಫ್ಟ್‌ವೇರ್ ಹೇಳಿಕೊಡುತ್ತಿದ್ದರು. ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗರಿಂದ, ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ದಿನದಿನದ ಶಾಖ ಬರೆಸಿ ತರಿಸಿ, "ಗೆರೆ ಎಲ್ಲಿ ಏರುತ್ತೆ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಮಿಷನ್ನ ಕೇಳೋಣ" ಅನ್ನುತ್ತಿದ್ದರು. ಪ್ರೋಗ್ರಾಂ ಅರ್ಥವಾಗದವನಿಗೆ, "ನಿಮ್ಮಪ್ಪ ಪಂಪು ಹಾಕಿ ಮಲಗಲ್ವಾ? ಕರೆಂಟ್ ಇರೋ ತನಕ ಓಡು, ಹೋದರೆ ನಿಲ್ಲು. ಅಷ್ಟೇ ಕಣೋ" ಅಂದಿದ್ದರು. ಬಾಗಿಲಲ್ಲಿ ನಿಂತಿದ್ದ ನನಗೂ ಅರ್ಥವಾಗಿತ್ತು.

ಹೊಸವನ್ನು ಬಿಚ್ಚಿಕೊಡಿ ಅಂತ ಅವರು ಕೇಳುತ್ತಲೇ ಇದ್ದರು.

"ಕೆಟ್ಟೋದ್ರೆ ನನ್ನ ತಲೆ ಮೇಲೆ ಬತ್ತದೆ ಮೇಡಮ್ಮೋರೆ."

"ಮುಟ್ಟದೆ ಇಟ್ಟರೂ ಕೆಡ್ತವೆ ಅಣ್ಣ. ಅರಿಶಿನ ಕುಂಕುಮ ಆಯ್ತು, ಇನ್ನು ಒಂದೊಂದು ಸೀರೆ ಉಡಿಸಿಬಿಡಿ."

ಹುಡುಗರು ನಕ್ಕರು. ನನಗೆ ಉರಿಯಿತು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಬೇಕು. ಹಿಂದಿನ ದಿನ ಮೇಡಂ ಹೊಸವನ್ನು ಪರೀಕ್ಷಿಸಲು ಬಂದರು. "ಎಲ್ಲಾ ಆನ್ ಮಾಡಿ ನೋಡಿದೀನಿ, ನೀವು ಬಸ್ಸಿಗೆ ಓಗಿ" ಅಂದೆ. ನೋಡಿರಲಿಲ್ಲ. ಅವರು ನಂಬಿ ಹೊರಟರು.

ಬೆಳಿಗ್ಗೆ ಮೈಸೂರಿನಿಂದ ಬಂದ ಪರೀಕ್ಷಕರ ಎದುರಿಗೇ ಹೊದಿಕೆ ತೆಗೆದೆ. ಅರ್ಧದಷ್ಟು ಆನ್ ಆಗಲೇ ಇಲ್ಲ. ಹೂವಿನ ವಾಸನೆಗೋ ಏನೋ, ಇಲಿ ಒಳಗೆ ಸೇರಿ ವೈರು ಕಡಿದು ಗೂಡು ಕಟ್ಟಿತ್ತು. ಇದು ಯಾರ ಜವಾಬ್ದಾರಿ ಎಂದು ಪ್ರಿನ್ಸಿಪಾಲರು ಕೇಳಿದರು. ಮೇಡಂ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. "ನಾನೇ ನೋಡಬೇಕಿತ್ತು ಸರ್" ಅಂದರು ಅವರು. ಸರದಿಯ ಮೇಲೆ ಕೂರಿಸಿ ಸಂಜೆಯ ಹೊತ್ತಿಗೆ ಪರೀಕ್ಷೆ ಮುಗಿಸಿದರು. ಹುಡುಗರಿಗೇನೂ ತೊಂದರೆಯಾಗಲಿಲ್ಲ. ಆದರೆ ಮರುವರ್ಷ ಮೇಡಂ ಅವರನ್ನು ಮತ್ತೆ ಕರೆಯಲಿಲ್ಲ. ಪರೀಕ್ಷೆಯ ದಿನದ ಅಚಾತುರ್ಯವೇ ಕಾರಣವೆಂದು ಪ್ರಿನ್ಸಿಪಾಲರು ನನ್ನ ಮುಂದೆಯೇ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸ ಕಾಯಂ ಆಗುವ ಹೊತ್ತು ಅದು... ಆಯಿತು ಕೂಡ.

ನನಗೆ ಇದರಲ್ಲಿ ಅನುಮಾನವಿಲ್ಲ: ಮೇಡಂ ಕೆಲಸ ಕಳೆದದ್ದು ಇಲಿಯಲ್ಲ, ನಾನು.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಅವರ ಹಳೆಯ ವಿದ್ಯಾರ್ಥಿನಿ ಸಿಕ್ಕಳು. ಈಗ ಸರಗೂರಿನಲ್ಲಿ ಮೇಡಂ ಆಗಿದ್ದಾಳೆ. ಅವಳಿಂದಲೇ ಗೊತ್ತಾಯಿತು, ನಮ್ಮ ಮೇಡಂ ತೀರಿಕೊಂಡು ವರ್ಷವಾಯಿತಂತೆ. ಅಲ್ಲೇ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಅವಳ ಬಸ್ಸು ಬಂದು, ತುಂಬಿ, ಹೊರಟುಹೋಯಿತು. ಅವಳು ಏಳಲಿಲ್ಲ.

"ಇದನ್ನ ಅವರಿಗೆ ಹೇಳಬೇಕಿತ್ತು ಕಣಣ್ಣ" ಅಂದಳು ಕೊನೆಗೆ.

"ಊಂ ಕಣವ್ವ" ಅಂದೆ. ಪಿರಿಯಾಪಟ್ಟಣ ಇಲ್ಲಿಂದ ಏನು ದೂರ. ಇಷ್ಟು ವರ್ಷ ದಿನವೂ ಬಸ್ಸಿತ್ತು.