ಎರಡು ಹುಟ್ಟಿದ ದಿನಗಳ ಹುಡುಗಿ

ಆ ಹುಡುಗಿಗೆ ಹುಟ್ಟಿದ ದಿನಗಳು ಎರಡು. ಒಂದು ನಿಜದ್ದು, ಅವತ್ತು ಮನೆಯಲ್ಲಿ ಕೇಕು, ಗಲಾಟೆ. ಇನ್ನೊಂದು ಶಾಲೆಯ ದಾಖಲೆಯದು, ಸರಿಯಾಗಿ ಹನ್ನೊಂದು ತಿಂಗಳು ಮುಂಚಿನದು. ಅವತ್ತು ಯಾರೂ ಅವಳನ್ನು ಕ್ಯಾರೇ ಅನ್ನುತ್ತಿರಲಿಲ್ಲ. ಐದು ತುಂಬದ ಹೊರತು ಒಂದನೇ ತರಗತಿಗೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದಕ್ಕೆ, ಹದಿನಾರು ವರ್ಷದ ಹಿಂದೆ ಮನೆಯವರು ನಾಲ್ಕರ ಮಗುವನ್ನು ಐದರದು ಮಾಡಿಬಿಟ್ಟಿದ್ದರು. ಯಾರು ಮಾಡಿದ್ದು? ಇನ್ಯಾರು, ಅಪ್ಪ! ಸಿಟಿ ಬಸ್ಸಿನ ಡ್ರೈವರ್ ಆಗಿದ್ದ ಆ ಮಹಾಶಯನಿಗೆ ಊರಿನ ಅಷ್ಟೂ ಸ್ಟಾಪುಗಳು ಬಾಯಿಪಾಠ, ತನ್ನ ಮದುವೆಯ ದಿನ ಮಾತ್ರ ನೆನಪಿರುತ್ತಿರಲಿಲ್ಲ. ನೆಂಟರು ಸೇರಿದಾಗಲೆಲ್ಲ ಈ ಕಥೆ ಎದ್ದುಬರುತ್ತಿತ್ತು. "ಹೂಂ, ನನ್ನದೇ ತಪ್ಪು, ಗಲ್ಲಿಗೆ ಹಾಕಿ" ಎಂದು ಅವನೂ ಎಲ್ಲರ ಜೊತೆ ನಗುತ್ತಿದ್ದ. ಅಮ್ಮ ಮಾತ್ರ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಹುಡುಗಿ ಬೆಳೆದಳು, ಭೂವಿಜ್ಞಾನ ಓದಿದಳು, ಎಂ.ಎಸ್ಸಿ. ಮೊದಲ ವರ್ಷವನ್ನೂ ಮುಗಿಸಿದಳು. ಆ ನಡುವೆ ಸೈನ್ಯದ ಅಧಿಕಾರಿಗಳ ಆಯ್ಕೆಗೆ ಅರ್ಜಿ ಹಾಕಿದಳು. ಐದು ದಿನ ಓಡಿಸಿದರು, ಹಗ್ಗ ಹತ್ತಿಸಿದರು, ಪ್ರಶ್ನೆ ಕೇಳಿ ಕೇಳಿ ಜೀವ ಹಿಂಡಿದರು. ಇನ್ನೂರು ಜನ ಹೋದಲ್ಲಿ ಹನ್ನೊಂದು ಜನ ಉಳಿದರು, ಅವರಲ್ಲಿ ಇವಳೊಬ್ಬಳು. ಅವತ್ತಿನಿಂದ ಅಪ್ಪ ಅವಳನ್ನು ಕರೆಯುವುದೇ ದಂಡನಾಯಕಿ ಎಂದು. "ದಂಡನಾಯಕೀ, ಬಚ್ಚಲು ಖಾಲಿ ಆಯ್ತಾ? ನನ್ನ ಬಸ್ ಕಾಯ್ತಾ ಇದೆ!"

ಆಮೇಲೆ ಬಂತು ಕಾಗದ. ಅದರಲ್ಲಿ ಎರಡು ಚೌಕಗಳು. ಇನ್ನು ನಲವತ್ತು ದಿನಕ್ಕೆ ಶುರುವಾಗುವ ಈ ವರ್ಷದ ತಂಡಕ್ಕೆ ಬರುತ್ತೀರಾ, ಮುಂದಿನ ವರ್ಷದ ತಂಡಕ್ಕೆ ಬರುತ್ತೀರಾ, ಗುರುತು ಹಾಕಿ ಸೋಮವಾರ ಸಂಜೆ ಐದರೊಳಗೆ ನೇಮಕಾತಿ ಕಚೇರಿಗೆ ಮುಟ್ಟಿಸಬೇಕು. ತರಬೇತಿಯ ಮೊದಲ ದಿನಕ್ಕೆ ಇಪ್ಪತ್ತೆರಡು ತುಂಬಿರಬಾರದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಹುಡುಗಿ ಬೆರಳು ಮಡಚಿ ಎಣಿಸಿದಳು. ಮುಂದಿನ ವರ್ಷಕ್ಕೆ ಇಪ್ಪತ್ತೊಂದೂವರೆಯೂ ಆಗಿರುವುದಿಲ್ಲ. ಸರಿ, ಎಂ.ಎಸ್ಸಿ. ಮುಗಿಸಿಕೊಂಡೇ ಹೋದರಾಯಿತು ಎಂದು ನಿಶ್ಚಿಂತೆಯಿಂದ ಒಂದು ವಾರ ಕಾಲು ಚಾಚಿ ಮಲಗಿದಳು.

ಶುಕ್ರವಾರ ಆ ಕಾಗದ, ಅಂಕಪಟ್ಟಿಗಳನ್ನೆಲ್ಲ ಜೆರಾಕ್ಸ್ ಮಾಡಿಸಲು ಹೋದಳು. ಜೆರಾಕ್ಸ್ ಅಂಗಡಿಯವನಿಗೆ ಗಿರಾಕಿಗಳ ಕಾಗದ ಓದುವ ಚಟ. ಮೆಷಿನ್ನಿನ ಮುಚ್ಚಳ ಎತ್ತಿದವನು ಹಾಗೇ ನಿಂತ.

"ಏನಮ್ಮಾ, ಮುಂದಿನ ವರ್ಷ ಅಂತ ಗುರುತು ಹಾಕಿದ್ದೀರಲ್ಲ, ಆಗ ನಿಮಗೆ ಇಪ್ಪತ್ತೆರಡು ದಾಟಿ ನಾಲ್ಕು ತಿಂಗಳು ಆಗಿರುತ್ತೆ. ಇಲ್ಲೇ ಇದೆ ನೋಡಿ ಹುಟ್ಟಿದ ತಾರೀಕು."

ಅವಳು ಕಾಗದ ಕಸಿದುಕೊಂಡು ನೋಡಿದಳು. ಅರ್ಜಿ ತುಂಬುವಾಗೆಲ್ಲ ಕೈ ತಾನಾಗಿಯೇ ಶಾಲೆಯ ತಾರೀಕು ಬರೆಯುತ್ತಿತ್ತು. ವಯಸ್ಸು ಎಣಿಸುವಾಗ ಮಾತ್ರ ತಲೆ ಮನೆಯ ತಾರೀಕಿನಿಂದ ಎಣಿಸುತ್ತಿತ್ತು. ಎರಡೂ ಒಂದೇ ಹುಡುಗಿಯ ಲೆಕ್ಕಗಳು, ಒಂದಕ್ಕೊಂದು ಮುಖವನ್ನೇ ನೋಡಿರಲಿಲ್ಲ! ಹೋದರೆ ಈಗ, ಇಲ್ಲವಾದರೆ ಯಾವತ್ತೂ ಇಲ್ಲ.

ಪುಣ್ಯಕ್ಕೆ ಗುರುತನ್ನು ಪೆನ್ಸಿಲ್ಲಿನಲ್ಲಿ ಹಾಕಿದ್ದಳು. ಶನಿವಾರ ಬೆಳಗ್ಗೆ ಅದನ್ನು ಅಳಿಸಿ ಮೊದಲ ಚೌಕಕ್ಕೆ ಹಾಕಿದಳು. ಮಧ್ಯಾಹ್ನ ಪ್ರೊಫೆಸರ್ ಮನೆಗೆ ಹೋದಳು. "ಅರ್ಧಕ್ಕೆ ಬಿಟ್ಟು ಹೋದೋರು ಯಾರಮ್ಮ ವಾಪಸ್ ಬಂದಿದ್ದಾರೆ? ನಿನ್ನ ನದಿ ಮರಳಿನ ಪ್ರಾಜೆಕ್ಟು ಯಾರಿಗೆ ಕೊಡಲಿ?" ಎಂದರು ಅವರು. ಬಂದು ಅಳಿಸಿದಳು. ಅಪ್ಪ "ಹೋಗ್ಬಿಡು ದಂಡನಾಯಕಿ" ಎಂದ. ಮತ್ತೆ ಹಾಕಿದಳು. ಐದು ನಿಮಿಷಕ್ಕೆ ಅವನೇ ಬಂದು, "ಅಲ್ಲ, ಓದು ಅರ್ಧ ಆಗುತ್ತಲ್ಲಮ್ಮ" ಎಂದು ತಲೆ ಕೆರೆದುಕೊಂಡ. ದಾಖಲೆ ತಿದ್ದಿಸೋಣವೆಂದರೆ ಎರಡು ವರ್ಷದ ಓಡಾಟ, ಮೇಲಾಗಿ ಇಷ್ಟು ವರ್ಷ ಸುಳ್ಳು ಹೇಳಿದ್ದು ಯಾರು ಎಂದು ಕೇಳುತ್ತಾರೆ. ಹಾಗಾದರೆ ತನಗೆ ಬೇಕಾಗಿರುವುದು ಏನು? ಸೈನ್ಯವೇ, ಸೈನ್ಯಕ್ಕೆ ಹೋಗುವವಳು ಎನಿಸಿಕೊಂಡು ಮನೆಯಲ್ಲೇ ಕಳೆಯುವ ಇನ್ನೊಂದು ವರ್ಷವೇ? ಅವಳಿಗೆ ತಲೆಬುಡ ತಿಳಿಯಲಿಲ್ಲ. ಭಾನುವಾರ ರಾತ್ರಿಯ ಹೊತ್ತಿಗೆ ಚೌಕದ ಜಾಗದಲ್ಲಿ ಕಾಗದವೇ ತೆಳ್ಳಗಾಗಿತ್ತು. ಈ ಎರಡು ದಿನವೂ ಅಮ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಸೋಮವಾರ ಮಧ್ಯಾಹ್ನ ಹುಡುಗಿ ನೇರ ಅಮ್ಮನ ಕೆಲಸದ ಜಾಗಕ್ಕೆ ಹೋದಳು. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ದೊಡ್ಡ ಹಾಲ್. ಸಾಲಾಗಿ ಗುಡುಗುಡು ಎನ್ನುವ ಮೆಷಿನ್ನುಗಳು, ಹಬೆ, ಸೋಪಿನ ವಾಸನೆ. ಅಮ್ಮನ ಜೊತೆ ಬೆಡ್‌ಶೀಟು ಮಡಚುವ ಹೆಂಗಸು ಊಟಕ್ಕೆ ಹೋಗಿದ್ದಳು. ಹುಡುಗಿ ಒಂದು ಶೀಟಿನ ಎರಡು ತುದಿ ಹಿಡಿದುಕೊಂಡಳು. ಇನ್ನೆರಡು ತುದಿ ಅಮ್ಮನ ಕೈಯಲ್ಲಿ.

"ಅಮ್ಮಾ, ನೀನಾದ್ರೂ ಹೇಳೇ. ಹೋಗ್ಲಾ, ಇರ್ಲಾ?"

ಅಮ್ಮ ಶೀಟನ್ನು ಒಮ್ಮೆ ಜೋರಾಗಿ ಕೊಡವಿದಳು. ಮಡಚಲಿಲ್ಲ.

"ಆ ತಾರೀಕು ಹೇಳಿದ್ದು ನಿಮ್ಮಪ್ಪ ಅಲ್ಲ ಕಣೇ. ನಾನು."

"ನೀನಾ?" ಹುಡುಗಿ ಶೀಟನ್ನು ತನ್ನತ್ತ ಎಳೆದಳು.

"ಆಗ ತಾನೇ ಈ ಕೆಲಸ ಸಿಕ್ಕಿತ್ತು. ಬೆಳಗ್ಗೆ ಎಂಟಕ್ಕೆ ಬರ್ಲೇಬೇಕು ಅಂದ್ರು. ನಿಮ್ಮಪ್ಪ ಐದಕ್ಕೇ ಬಸ್ ತೆಗೀಬೇಕು. ನಿನ್ನ ನೋಡ್ಕೊಳ್ಳೋರು ಒಂದು ನರಪಿಳ್ಳೆ ಇರ್ಲಿಲ್ಲ. ಮಗುಗೆ ಐದು ತುಂಬಿದ್ಯಾ ಅಂತ ಹೆಡ್‌ಮೇಡಂ ಕೇಳಿದ್ರು. ತುಂಬಿದೆ ಅಂದೆ. ಯಾವ ದಿನ ಅಂದ್ರು. ಬಾಯಿಗೆ ಬಂದ ದಿನ ಹೇಳಿದೆ. ಮನೇಲಿ ವಿಷಯ ಎದ್ದಾಗ ನಿಮ್ಮಪ್ಪ, ನಾನು ಹೇಗಿದ್ರೂ ಮರೆಗುಳಿ, ನನ್ನ ಮೇಲೆ ಹಾಕು ಅಂದ್ರು."

ಅಮ್ಮ ಶೀಟಿನ ಅಂಚನ್ನು ಬೆರಳಿನಿಂದ ತೀಡಿದಳು. "ಕಾಲ ಬರೋಕೆ ಮುಂಚೆ ನಿನ್ನ ಒಂದು ಸಲ ನಾನೇ ಮನೆಯಿಂದ ಆಚೆ ಕಳಿಸಿದ್ದೀನಿ. ಅದಕ್ಕೇ ಈಗ್ಲೂ ಕಾಲ ಬರೋಕೆ ಮುಂಚೆ ಹೋಗೋ ಹಾಗಾಗಿದೆ. ಹೋಗು ಅಂತ ಯಾವ ಬಾಯಲ್ಲಿ ಹೇಳ್ಲಿ? ಇರು ಅಂತ ತಾನೇ ಹೇಗೆ ಹೇಳ್ಲಿ?"

ಹುಡುಗಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ! ತನ್ನದೊಂದು ವರ್ಷವನ್ನು ಇವಳು ಬಾಯಿ ಮಾತಿನಲ್ಲಿ ನುಂಗಿಬಿಟ್ಟಿದ್ದಳು. ಅದರ ಬೆನ್ನಿಗೇ ಬೆಳಗ್ಗೆ ಎಂಟು ಗಂಟೆ, ಖಾಲಿ ಮನೆ, ಈ ಹಬೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, ಬಯ್ಯಲು ತೆರೆದ ಬಾಯಿಂದ ಬೇರೆಯದೇ ಮಾತು ಹೊರಟಿತು.

"ಅವತ್ತು ನಾನು ಅತ್ತೆನಾ?"

"ನೀನೆಲ್ಲಿ ಅತ್ತೆ! ಬೆರಳು ಬಿಡಿಸ್ಕೊಂಡು ಓಡಿದೆ. ತಿರುಗಿ ಕೂಡ ನೋಡ್ಲಿಲ್ಲ. ಗೇಟಿನ ಹತ್ರ ಅತ್ತೋಳು ನಾನು. ಮೊದಲನೇ ದಿನವೇ ಕೆಲಸಕ್ಕೆ ಲೇಟು."

ಇಬ್ಬರೂ ನಕ್ಕರು, ಇಬ್ಬರಿಗೂ ಕಣ್ಣು ತುಂಬಿತ್ತು. ಶೀಟು ಮಡಚಿ ಮುಗಿಸಿದರು. ಹುಡುಗಿ ಮೇಜಿನ ಮೇಲೆ ಕಾಗದ ಹರವಿ, ಅಮ್ಮನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡು ಮೊದಲ ಚೌಕಕ್ಕೆ ಗುರುತು ಹಾಕಿದಳು. ಹಾಕಿದ ಮೇಲೂ ಸರಿಯೋ ತಪ್ಪೋ ತಿಳಿಯಲಿಲ್ಲ. ಮರಳಿನ ಪ್ರಾಜೆಕ್ಟು ಯಾರ ಪಾಲಾಗುತ್ತದೋ ಎಂದುಕೊಂಡಳು. ಆದರೆ ಶಾಯಿ ಒಣಗಿತ್ತು.

ಅಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕಾಗದವನ್ನು ಎತ್ತಿ, ಆ ಸುಳ್ಳು ತಾರೀಕನ್ನು ಒಂದು ಸಲ ಓದಿ, ವಾಪಸ್ ಕೊಟ್ಟಳು.

"ಹೊರಡೋ ದಿನ ನಾನು ಸ್ಟೇಷನ್ನಿಗೆ ಬರ್ತೀನಿ" ಎಂದಳು. "ಈ ಸಲ ಒಂದೇ ಒಂದು ಸಾರಿ ತಿರುಗಿ ನೋಡೇ."