ಬಳ್ಳಿಗಾವಿ ದಿಣ್ಣೆಯ ವೈಫೈ ಅಕ್ಕ

ಗದ್ದೆಗಳ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಬಳ್ಳಿಗಾವಿ ಹತ್ತಿರದ ದಿಣ್ಣೆಯ ಮೇಲಿರುವ ಕಬ್ಬಿಣದ ಕಂಬವನ್ನು ಹೆಂಗಸೊಬ್ಬರು ಏರುತ್ತಿದ್ದಾರೆ. ಚೂಡಿದಾರದ ಮೇಲೆ ತುಂಬುತೋಳಿನ ಗಂಡಸರ ಅಂಗಿ, ಸೊಂಟಕ್ಕೆ ಬಿಗಿದ ಬೆಲ್ಟು, ಅದರಲ್ಲಿ ನೇತಾಡುವ ಸ್ಪ್ಯಾನರ್. ಒಂದೆರಡು ಮೆಟ್ಟಿಲು ಹತ್ತುವುದು, ಬೆಲ್ಟಿನ ಕೊಕ್ಕೆ ಬಿಚ್ಚಿ ಮೇಲೆ ಹಾಕುವುದು, ಮತ್ತೆ ಹತ್ತುವುದು. ತುದಿ ತಲುಪಿದವರು ಎರಡು ಬಿಳಿ ಡಿಶ್‌ಗಳ ನಡುವೆ ನಿಂತು, ಸೊರಬದ ದಿಕ್ಕಿಗೆ ಮುಖ ಮಾಡಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಕೆಳಗೆ ನಿಂತು ಕತ್ತೆತ್ತಿದವರಿಗೇ ಅಂಗಾಲು ಜುಮ್ಮೆನ್ನುತ್ತದೆ.

ಇವರು ಬಸವಣ್ಣೆಮ್ಮ. ತೊಗರ್ಸಿಯ ರೈತ ಬೆನಕಪ್ಪನವರ ಮಗಳು. ಶಿಕಾರಿಪುರದಲ್ಲಿರುವ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ಸೊರಬದ ಉಪಕೇಂದ್ರ, ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲ್ ಕೂಡ ಇವರ ಪಾಲಿಗೇ ಬಂದಿವೆ. ಮುನ್ನೂರಕ್ಕೂ ಹೆಚ್ಚು ಫೋನು, ಲ್ಯಾಪ್‌ಟಾಪುಗಳು ದಿನವೂ ಇವರನ್ನು ನಂಬಿಕೊಂಡು ಬೆಳಗಾಗುತ್ತವೆ. ಹುಡುಗಿಯರಿಗೆ ಇವರು ವೈಫೈ ಅಕ್ಕ.

ಮೊದಲು ಸೊರಬಕ್ಕೆ ನೆಟ್ ಹೋಗುತ್ತಿದ್ದುದು ನೆಲದಡಿಯ ಕೇಬಲ್‌ನಲ್ಲಿ. ರಸ್ತೆ ಅಗೆಯಲು ಬಂದ ಜೆಸಿಬಿ ಒಮ್ಮೆ ಬಾಯಿ ಹಾಕಿತೆಂದರೆ ವಾರಗಟ್ಟಲೆ ಎಲ್ಲವೂ ಸ್ತಬ್ಧ. ಹಾಗಾಗಿ ಗಾಳಿಯ ದಾರಿ ಹಿಡಿದರು. ಶಿಕಾರಿಪುರದ ಕೇಂದ್ರದ ತಾರಸಿಯ ಡಿಶ್ಶು ಈ ದಿಣ್ಣೆಯ ಡಿಶ್ಶನ್ನು ನೋಡುತ್ತದೆ, ದಿಣ್ಣೆಯದು ಸೊರಬದ ಹಾಸ್ಟೆಲ್ ತಾರಸಿಯದನ್ನು. ನಡುವೆ ಭತ್ತದ ಗದ್ದೆ, ಜೋಳದ ಹೊಲ, ಕೆರೆ, ಊರು. ತಂತಿಯಿಲ್ಲ, ದಾರವಿಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ವೈಫೈ ನಡುಮನೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಇಲ್ಲಿ ಅಷ್ಟು ದೂರದ ಪಾಠಗಳು, ಪರೀಕ್ಷೆಗಳು, ಮಕ್ಕಳ ಭವಿಷ್ಯ ಎಲ್ಲ ಬರೀ ಗಾಳಿಯಲ್ಲಿ ಹಾದುಹೋಗುತ್ತವೆ.

ಹಳೆಯ ಸಾಧನಗಳಿಗೆ ಈ ಭಾರ ಹೊರಲಾಗದೆ, ದಸರೆಗೆ ಮುಂಚೆ ಎಲ್ಲ ಕಡೆ ಹೊಸವನ್ನು ಕೂರಿಸಿದ್ದಾರೆ. ಡಿಶ್‌ಗಳನ್ನು ಒಂದಕ್ಕೊಂದು ಗುರಿ ಹಿಡಿಸಿದ್ದು ಬಸವಣ್ಣೆಮ್ಮ.

"ನಮ್ಮಪ್ಪ ನೇಗಿಲು ಹೂಡುವಾಗ ಹೊಲದ ಆ ತುದಿಗಿರೋ ಒಂದು ಮರ ನೋಡ್ಕೊಂಡೇ ಹೋಗ್ತಿದ್ದ ರೀ. ಕಾಲ ಕೆಳಗೆ ನೋಡಿದ್ರೆ ಸಾಲು ಸೊಟ್ಟ. ಇದೂ ಹಂಗೇ. ಮೊದ್ಲು ದೂರ ಕಣ್ಣಿಡಬೇಕು, ಆಮೇಲೆ ಯಂತ್ರ ಹೇಳಿದ್ದು ಕೇಳಬೇಕು," ಎನ್ನುತ್ತಾರೆ.

ಇಂದು ಮಾತ್ರ ಯಂತ್ರ ಹೇಳುತ್ತಿರುವುದು ಒಳ್ಳೆಯ ಸುದ್ದಿಯಲ್ಲ. ದಸರಾ ರಜೆ ಮುಗಿದ ಮೊದಲ ದಿನ. ಹತ್ತು ಗಂಟೆಗೆ ಸೊರಬದ ಹುಡುಗಿಯರಿಗೆ ಕಂಪ್ಯೂಟರಿನಲ್ಲೇ ಪರೀಕ್ಷೆ. ಹೊಸ ಸಾಧನ ಹಾಕಿದ ಮೇಲೂ ನಡುವೆ ನೆಟ್ ಕೈಕೊಟ್ಟರೆ ಮುಂದಿನ ಪರೀಕ್ಷೆಗಳನ್ನೆಲ್ಲ ಶಿಕಾರಿಪುರಕ್ಕೇ ಬಂದು ಬರೆಯಲಿ ಎಂದು ಮೇಲಿನವರು ಹೇಳಿಬಿಟ್ಟಿದ್ದಾರೆ. ಹಬ್ಬಕ್ಕೆಂದು ತೊಗರ್ಸಿಗೆ ಹೋಗಿದ್ದ ಬಸವಣ್ಣೆಮ್ಮ ನಸುಕಿನಲ್ಲಿ ಫೋನ್ ತೆರೆದರೆ ಸೊರಬದ ಲಿಂಕ್ ಸೊರಗಿ ಕೂತಿದೆ. ಸ್ಕೂಟರ್ ಹತ್ತಿದವರು ನೇರ ಈ ದಿಣ್ಣೆಗೆ ಬಂದಿದ್ದಾರೆ.

ಬಸ್ಸಿನಲ್ಲಿ ಬಂದು ಬರೆದರೇನಂತೆ ಎಂದು ಕೇಳಬಹುದು. ಬಸವಣ್ಣೆಮ್ಮನವರನ್ನು ಮಾತ್ರ ಕೇಳಬಾರದು. ಹಿಂದೊಮ್ಮೆ ಅವರೂ ಬಿ.ಎ. ಓದುತ್ತಿದ್ದರು. ಕೊನೆಯ ಪೇಪರಿನ ದಿನ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಓಡೋಡಿ ಹೋಗುವಷ್ಟರಲ್ಲಿ ಪರೀಕ್ಷೆಯ ಹಾಲ್‌ನ ಬಾಗಿಲು ಹಾಕಿದ್ದರು. ಮದುವೆ ಗೊತ್ತಾಗಿತ್ತು. ಇನ್ನೊಮ್ಮೆ ಕೂರಲು ಯಾರೂ ಬಿಡಲಿಲ್ಲ. ವರ್ಷಗಳ ಮೇಲೆ ಕೇಂದ್ರದ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರ್ ಆಗಿ ಸೇರಿ, ಎಂಜಿನಿಯರುಗಳಿಗೆ ಸ್ಪ್ಯಾನರ್ ಎತ್ತಿಕೊಡುತ್ತಾ, ಕೇಳಿ ಕೇಳಿ ತಲೆ ತಿಂದು, ಅವರಿಂದಲೇ ಕೆಲಸ ಕಲಿತರು.

ಫೋನ್ ಬಡಿದುಕೊಳ್ಳುತ್ತದೆ. ಶಿಕಾರಿಪುರದ ಕೇಂದ್ರದಲ್ಲಿ ಕೂತು ಪರದೆ ನೋಡುತ್ತಿರುವ ಸಹೋದ್ಯೋಗಿ ಸಂಗಮೇಶ್.

"ಗಾಳಿಗೆ ಜರುಗಿರಬೇಕು, ಒಂಚೂರು ತಿರುಗಿಸಿ ನೋಡ್ರಲ್ಲ ಬಸವಣ್ಣೆಮ್ಮಾರೆ."

"ಬ್ಯಾಡ್ರಿ ಸಾರ್. ಡಿಶ್ಶು ಕೂರ್ಸಿದಾಗ ನಾನು ಬರೆದ ಗೆರೆ ಮ್ಯಾಲೇ ನಿಂತೈತಿ. ನಿಮ್ಮ ಕಡೆ ಲಿಂಕೂ ಜೋರೈತಿ. ಈಗ ನಟ್ಟು ಮುಟ್ಟಿದ್ರೆ ಇರೋದೂ ಹೋಗ್ತೈತಿ. ಸೊರಬಕ್ಕೆ ಹೋಗಿ ನೋಡ್ತೀನಿ."

"ಆತ್ರಿ. ಹುಡುಗೀರನ್ನ ಇಲ್ಲಿಗೆ ಕರ್ಕೊಂಡ್ ಬರಾಕ ಬಸ್ಸಿಗೆ ಹೇಳಿಡ್ಲೇನು?"

ಬಸವಣ್ಣೆಮ್ಮ ಸೊರಬದ ದಿಕ್ಕಿಗೆ ಇನ್ನೊಮ್ಮೆ ನೋಡಿ ಬೆಲ್ಟಿನ ಕೊಕ್ಕೆ ಬಿಚ್ಚುತ್ತಾರೆ. "ಹೇಳಿಡ್ರಿ," ಎಂದು ಇಳಿಯತೊಡಗುತ್ತಾರೆ.

ಸೊರಬದ ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ಅವರ ತಲೆಯಲ್ಲಿ ಮಂಗಗಳ ಮೇಲೆ ಅನುಮಾನ, ಬೆಳೆದ ಮರದ ಕೊಂಬೆಯ ಮೇಲೆ ಅನುಮಾನ. ತಾರಸಿಯ ಬಾಗಿಲು ತೆಗೆದವರು ಹಾಗೇ ನಿಂತುಬಿಡುತ್ತಾರೆ.

ಎದುರಿಗೆ ಡಿಶ್ಶು ಮದುಮಗಳಂತೆ ಸಿಂಗಾರಗೊಂಡಿದೆ. ಕಂಬಕ್ಕೆ ಚೆಂಡುಹೂವಿನ ಮಾಲೆ, ಬುಡದಲ್ಲಿ ಒಡೆದ ಕುಂಬಳಕಾಯಿ, ಮೂರು ಬೆರಳಿನ ವಿಭೂತಿ, ಕುಂಕುಮ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಡಿಶ್ಶಿನ ಇಡೀ ಮುಖಕ್ಕೆ ಮಿರಮಿರ ಮಿಂಚುವ ಬೇಗಡೆ ಕಾಗದವನ್ನು ಒಂದಿಷ್ಟೂ ಸಂದಿಲ್ಲದಂತೆ ಅಂಟಿಸಿದ್ದಾರೆ. ಲೋಹದ ಆ ಹೊಳಪು ದಿಣ್ಣೆಯಿಂದ ಬಂದದ್ದನ್ನೆಲ್ಲ ಬಾಗಿಲಲ್ಲೇ ತಡೆದು ವಾಪಸ್ ಅಟ್ಟುತ್ತಿದೆ.

ಹಿಂದೆಯೇ ಏದುಸಿರು ಬಿಡುತ್ತಾ ಬಂದ ಅಡುಗೆಯ ದ್ಯಾಮಮ್ಮನ ಮುಖದಲ್ಲಿ ಸಂಭ್ರಮ. "ಹೆಂಗಿದೆ ಮಾರಾಯ್ತಿ? ಆಯುಧಪೂಜೆಗೆ ಊರಿಗೆ ಹೋಗದ ಹುಡುಗೀರೆಲ್ಲ ಸೇರಿ ಮಾಡಿದ್ದು. ನೀನೇ ಹೇಳಿದ್ಯಲ್ಲ!"

ಹೌದು, ಹೇಳಿದ್ದರು. ಲ್ಯಾಬಿನ ಕಂಪ್ಯೂಟರು, ಅಡುಗೆಮನೆಯ ಮಿಕ್ಸಿಗೆಲ್ಲ ಪೂಜೆಯಾಗುವಾಗ ಮಳೆ ಬಿಸಿಲಿನಲ್ಲಿ ದುಡಿಯುವ ಡಿಶ್ಶನ್ನು ಮರೆಯಬೇಡಿ ಎಂದು ಫೋನಿನಲ್ಲಿ ಹೇಳಿದವರು ಇವರೇ. ತೊಗರ್ಸಿಯ ಮನೆಯಲ್ಲಿ ಟ್ರ್ಯಾಕ್ಟರಿನ ಮೂತಿಗೆ ತಾವೇ ಬೇಗಡೆ ಅಂಟಿಸಿ ಬಂದವರಿಗೆ ಇಲ್ಲಿಯೂ ಅದನ್ನೇ ಅಂಟಿಸಬಹುದೆಂದು ಹೊಳೆಯಲೇ ಇಲ್ಲ. ಹಣೆ ಚಚ್ಚಿಕೊಂಡು ನಗುತ್ತಾರೆ. ವಿಷಯ ತಿಳಿದ ದ್ಯಾಮಮ್ಮನ ಮುಖ ಸಪ್ಪಗಾಗುತ್ತದೆ.

"ಅಯ್ಯೋ, ಮಕ್ಕಳ ಪರೀಕ್ಷೆ! ರಜೆಗೆ ಅಂತ ನೆಟ್ಟು ನಿಲ್ಸಿದ್ದಾರೆ ಅಂದ್ಕೊಂಡಿದ್ವಲ್ಲ!"

"ಏನೂ ಆಗಲ್ಲ ಬಿಡವ್ವಾ. ಬಿಸಿನೀರು ಕೊಡು."

ಬಟ್ಟೆ ಅದ್ದಿ ಅದ್ದಿ ಅಂಟು ಬಿಡಿಸುತ್ತಾರೆ. ಡಿಶ್ಶು ಅಲುಗದಂತೆ ಒಂದು ಕೈ ಹಿಂದೆ, ಉಜ್ಜುವ ಕೈ ಮುಂದೆ. ಹಸುಗೂಸಿನ ಮುಖ ತೊಳೆಯುವಾಗ ಹಾಗೇ ತಲೆ ಹಿಡಿಯುತ್ತಾರೆ. ಕೊನೆಯ ಚೂರು ಕಿತ್ತು ಬರುವಷ್ಟರಲ್ಲಿ ಸಂಗಮೇಶರ ಫೋನು: "ಬಂತ್ರೀ! ಜೋರಾಗಿ ಬಂತು! ಬಸ್ಸು ಬ್ಯಾಡ ಅಂತ ಹೇಳ್ತೀನಿ." ಬಸವಣ್ಣೆಮ್ಮ ಫೋನನ್ನು ಅಂಗಿಯ ಜೇಬಿಗೆ ಹಾಕುತ್ತಾರೆ. ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಾರೆ. ಮಾಲೆ, ವಿಭೂತಿ, ಕುಂಕುಮಗಳನ್ನು ಮುಟ್ಟದೆ ಹಾಗೇ ಬಿಡುತ್ತಾರೆ.

ಹತ್ತು ಗಂಟೆಗೆ ಪರೀಕ್ಷೆಯ ಹಾಲ್‌ನ ಬಾಗಿಲು ಹಾಕಿದಾಗ ಹುಡುಗಿಯರೆಲ್ಲ ಒಳಗಿದ್ದಾರೆ. ಪರೀಕ್ಷೆ ಮುಗಿಸಿ ಕೊನೆಗೆ ಹೊರಬಂದ ರಕ್ಷಿತಾ ಬೇಗಡೆ ಅಂಟಿಸಿದವರಲ್ಲಿ ಒಬ್ಬಳು. ನಡೆದದ್ದನ್ನು ದ್ಯಾಮಮ್ಮನಿಂದ ಕೇಳಿ ಬಾಯಿಯ ಮೇಲೆ ಕೈ ಇಡುತ್ತಾಳೆ. "ಒಳಗೆ ನಮಗೆ ಏನೂ ಗೊತ್ತಾಗ್ಲೇ ಇಲ್ಲ ಅಕ್ಕಾ!"

"ಗೊತ್ತಾಗಬಾರ್ದು," ಎನ್ನುತ್ತಾರೆ ಬಸವಣ್ಣೆಮ್ಮ, ಕಾಫಿ ಲೋಟ ಕೆಳಗಿಡುತ್ತಾ.

ನಿಮಗೇ ಅಂತ ಏನಾದರೂ ಬೇಕು ಅನ್ನಿಸುವುದಿಲ್ಲವೇ ಎಂದು ನಾವು ಕೇಳಿದರೆ ನಾಚಿಕೊಳ್ಳುತ್ತಾರೆ. ಹಾಲ್‌ನ ಬಾಗಿಲನ್ನು ಒಮ್ಮೆ ನೋಡುತ್ತಾರೆ.

"ಎರಡು ವರ್ಷದ ಹಿಂದೇ ಬಿ.ಎ.ಗೆ ಮತ್ತೆ ಮೊದಲಿಂದ ಸೇರೀನಿ ರೀ. ಯಾರಿಗೂ ಹೇಳಿಲ್ಲ. ಬೇಸಿಗೆಗೆ ಕೊನೇ ಪೇಪರು, ಇದೇ ಹಾಲ್‌ನಾಗೆ," ಎಂದವರು ರಕ್ಷಿತಾಳ ಕಡೆ ತಿರುಗುತ್ತಾರೆ. "ಆವತ್ತೊಂದು ದಿನ ನೆಟ್ ಹೋದ್ರೆ ನನ್ನ ಕರೀಬ್ಯಾಡ್ರವ್ವಾ. ನಾನು ಒಳಗೆ ಬರೀತಿರ್ತೀನಿ."